ಒಂದು ಹನಿ ಸಾಕು

ಇವತ್ತು ಹಾಸನದಲ್ಲಿ ಕಣ್ಣಿನ ಆಸ್ಪತ್ರೆ ಬೆಂಚಿನ ಮೇಲೆ ಸಕಲೇಶಪುರ ಕಡೆಯ ಅಜ್ಜಿಯೊಬ್ಬರು ಗ್ಲಾಕೋಮಾಗೆ, ಅಂದರೆ ಕಣ್ಣಿನ ನರ ಹಾಳುಮಾಡುವ ಕಾಯಿಲೆಗೆ, ಔಷಧಿ ಹಾಕಿಕೊಂಡರು. ಒಂದೇ ಕಣ್ಣಿಗೆ ಮೂರು ಹನಿ, ಟಪ ಟಪ ಟಪ. ಆಮೇಲೆ ಸೆರಗಿನಲ್ಲಿ ಕೆನ್ನೆ ಒರೆಸಿಕೊಂಡರು.

ಸೆರಗಿಗೆ ಹೋಗಿದ್ದೇ ಹೆಚ್ಚು.

ಕಣ್ಣಲ್ಲಿ ನಿಲ್ಲೋದು ಸುಮಾರು 30 ಮೈಕ್ರೋಲೀಟರ್. ಬಾಟಲಿಯ ಒಂದು ಹನಿಯೇ 30ರಿಂದ 50 ಇರುತ್ತೆ. ಎರಡನೇದು ಮೊದಲನೇದನ್ನೇ ತೊಳ್ಕೊಂಡು ಹೋಗುತ್ತೆ.

ಕೆಳರೆಪ್ಪೆ ಎಳೆದು ಒಂದೇ ಹನಿ. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನ ಒಂದೆರಡು ನಿಮಿಷ ಬೆರಳಲ್ಲಿ ಒತ್ತಿ ಹಿಡೀಬೇಕು. ಇನ್ನೊಂದು ಔಷಧಿ ಇದ್ದರೆ 5 ನಿಮಿಷ ಬಿಟ್ಟು. ಒತ್ತದಿದ್ದರೆ ಔಷಧಿ ಮೂಗಿಗಿಳಿದು ರಕ್ತಕ್ಕೆ ಸೇರುತ್ತೆ. ಗ್ಲಾಕೋಮಾಗೆ ಕೊಡುವ ಟಿಮೊಲಾಲ್ ಹನಿ ಆದರೆ ನಾಡಿ ನಿಧಾನ ಆಗಬಹುದು, ಉಬ್ಬಸ ಇರೋರಿಗಂತೂ ಅಪಾಯ. ಉಬ್ಬಸ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿಬಿಡಿ.

ರೆಟಿನಾದಿಂದ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪದರದಿಂದ, ಮೆದುಳಿಗೆ ಹೋಗುವ ನರದ ಎಳೆಗಳು ಕಣ್ಣೊಂದಕ್ಕೆ ಸುಮಾರು 10 ಲಕ್ಷ. ಆ ಎಳೆಗಳು ಹೊರಡುವ ಗ್ಯಾಂಗ್ಲಿಯಾನ್ ಕೋಶಗಳು ಹುಟ್ಟೋದು ಗರ್ಭದಲ್ಲೇ, ರೆಟಿನಾದ ಬೇರೆ ನರಕೋಶಗಳಿಗಿಂತ ಮೊದಲು. ಆಮೇಲೆ ಹೊಸದು ಬರೋದಿಲ್ಲ. ಗ್ಲಾಕೋಮಾ ತಿನ್ನೋದು ಅವನ್ನೇ.

ನಮ್ಮ ದೇಶದ ಹಳ್ಳಗಳ ಕಿರುಬೆರಳುದ್ದದ ಪಟ್ಟೆ ಮೀನು, ಜೀಬ್ರಾಫಿಶ್, ಕಳೆದುಕೊಂಡ ರೆಟಿನಾ ಕೋಶಗಳನ್ನ ಮತ್ತೆ ಬೆಳೆಸಿಕೊಳ್ಳುತ್ತೆ. ಅದರ ರೆಟಿನಾದಲ್ಲಿ ನರಕೋಶಗಳಿಗೆ ಆಸರೆಯಾಗಿರುವ ಮ್ಯುಲರ್ ಕೋಶಗಳು ವಿಭಜನೆಯಾಗಿ ಹೊಸ ನರಕೋಶ ಕೊಡುತ್ತವೆ. ಮ್ಯುಲರ್ ಕೋಶ ನಮ್ಮಲ್ಲೂ ಇವೆ, ಆದರೆ ಆ ಕೆಲಸ ಮಾಡಲ್ಲ. ಮಾಡಿಸೋದು ಹೇಗೆ ಅಂತ ಇಲಿಗಳಲ್ಲಿ ಸಂಶೋಧನೆ ನಡೀತಿದೆ.

ಅಲ್ಲಿವರೆಗೆ ಅಜ್ಜಿಗೆ ಆ ಬಾಟಲಿಯೇ ಗತಿ. ನರ್ಸಮ್ಮ ಪಕ್ಕ ಕೂತು ಬೆರಳು ಎಲ್ಲಿಡಬೇಕು ಅಂತ ತೋರಿಸಿದರು. "ಇಲ್ಲೇನವ್ವಾ?" ಅಂದ ಅಜ್ಜಿ, ಕಣ್ಣು ಮುಚ್ಚಿ ಒತ್ತಿ ಹಿಡಿದು, ತುಟಿಯಲ್ಲೇ ಎಣಿಸತೊಡಗಿದರು.