ಹಳೆಯ ಲಾರಿಯ ಏರ್ ಬ್ರೇಕ್
ಹಳೆಯ ಭಾರಿ ಲಾರಿಯೊಂದನ್ನು ಮತ್ತೆ ಓಡುವ ಸ್ಥಿತಿಗೆ ತರುವಾಗ ಬಣ್ಣಕ್ಕಿಂತ, ಎಂಜಿನ್ನಿಗಿಂತ ಮೊದಲು ಒತ್ತಿ ತುಂಬಿದ ಗಾಳಿಯ ಬಲದಿಂದ ಕೆಲಸ ಮಾಡುವ ಅದರ ಬ್ರೇಕಿನ ಕಡೆ ಗಮನ ಹರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ವರ್ಷಗಟ್ಟಲೆ ನಿಂತ ಗಾಡಿಯ ಏರ್ ಟ್ಯಾಂಕಿನ ತಳದಲ್ಲಿ, ಕಂಪ್ರೆಸರ್ ತುಂಬಿದ ಗಾಳಿಯ ತೇವಾಂಶವು ನೀರಾಗಿ ಇಳಿದು ಎಣ್ಣೆಯೊಡನೆ ಬೆರೆತಿರುತ್ತದೆ. ಆ ನೀರನ್ನು ಹೊರಬಿಡುವ ಡ್ರೈನ್ ಕಾಕ್ ತೆರೆದಾಗ ತುಕ್ಕಿನ ಪುಡಿ ಸೇರಿದ ಕಂದು ರಾಡಿ ಸುರಿದರೆ ಟ್ಯಾಂಕು ಒಳಗಿನಿಂದ ಸವೆಯುತ್ತಿರಬಹುದು, ಒತ್ತಡದ ಪರೀಕ್ಷೆ ಮಾಡಿಸದೆ ಅದನ್ನು ಬಳಸಲೇಬಾರದು. ಗಾಳಿ ತುಂಬಿದ ಮೇಲೆ ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ, ಸಣ್ಣ ಗುಳ್ಳೆಗಳು ಏಳುವ ಜಾಗವನ್ನು ಹುಡುಕುವ ತಾಳ್ಮೆಯ ಕೆಲಸ ನನಗೆ ಬಹಳ ಪ್ರಿಯ. ಗಾಳಿಯ ಒತ್ತಡ ಇಳಿದಾಗ ಸ್ಪ್ರಿಂಗಿನ ಬಲದಿಂದ ಬ್ರೇಕ್ ಹಿಡಿಸುವ ಸ್ಪ್ರಿಂಗ್ ಬ್ರೇಕ್ ಚೇಂಬರನ್ನು ಮಾತ್ರ, ಅದರೊಳಗೆ ಅದುಮಿಟ್ಟ ಸ್ಪ್ರಿಂಗ್ ಸಿಡಿದರೆ ಪ್ರಾಣಕ್ಕೇ ಅಪಾಯವಾದ್ದರಿಂದ, ಹವ್ಯಾಸಿಗಳು ಬಿಚ್ಚಲು ಹೋಗದೆ ನುರಿತ ಮೆಕ್ಯಾನಿಕ್‌ರಿಂದ ಇಡಿಯಾಗಿ ಬದಲಾಯಿಸಿಕೊಳ್ಳುವುದೇ ಸರಿ.