ಸ್ಪೈರಲ್ ವರದಿ, ಬಿಳಿ ಹಾಳೆ

ನಗರ ಯೋಜನೆಯ ಕನ್ಸಲ್ಟನ್ಸಿಯಲ್ಲಿ ನಕ್ಷೆ ಮಾಡುವುದು ನನ್ನ ಕೆಲಸ. ನಗರ ಯೋಜನೆಯ ಮೇಲೆ ಉದ್ಯಮಿಗಳ ಪ್ರಭಾವ ಅಂದ ಕೂಡಲೇ ಜನ ಲಂಚದ ಮಾತು ಎತ್ತುತ್ತಾರೆ. ನಾನು ಕಂಡ ಮಟ್ಟಿಗೆ ಆ ಪ್ರಭಾವ ಕೆಲಸ ಮಾಡುವುದು ಹಾಡಹಗಲೇ, ಮೀಟಿಂಗ್ ಹಾಲ್‌ನಲ್ಲಿ, ನಕ್ಷೆ ಇನ್ನೂ ಕರಡಾಗಿರುವಾಗ.

ಕರಡು ಪ್ರಕಟವಾದ ಮೇಲೆ ಆಕ್ಷೇಪಣೆಗಳು ಬರುತ್ತವೆ. ಕಂಪನಿಗಳ ಕಡೆಯಿಂದ ಬರುವುದು ಸ್ಪೈರಲ್ ಬೈಂಡ್ ಮಾಡಿದ ವರದಿ. ಸರ್ವೆ ನಂಬರ್, ವಾಹನಗಳ ಲೆಕ್ಕ, ಯಾವ ಗೆರೆ ಎಲ್ಲಿಗೆ ಸರಿಯಬೇಕು, ಎಲ್ಲವೂ ಅದರಲ್ಲೇ ಇರುತ್ತೆ. ಅದೇ ರಸ್ತೆಯ ಟೈಲರ್ ಕೊಡುವುದು ಒಂದು ಬಿಳಿ ಹಾಳೆ: ‘ರಸ್ತೆ ಅಗಲ ಮಾಡಿದರೆ ನಮ್ಮ ಅಂಗಡಿ ಹೋಗುತ್ತದೆ, ದಯವಿಟ್ಟು ಕೈಬಿಡಿ.’ ಮೊದಲನೆಯದಕ್ಕೆ ಪುಟಗಟ್ಟಲೆ ಉತ್ತರ. ಎರಡನೆಯದರ ಮುಂದೆ ‘ಪರಿಶೀಲಿಸಲಾಗಿದೆ’ ಅಂತ ಒಂದೇ ಪದ. ಕಾನೂನು ಯಾರೂ ಮುರಿದಿಲ್ಲ. ಆದರೂ ಅನ್ಯಾಯವೇ ಅಲ್ವಾ?

ಕಂಪನಿಗಳು ಕೇಳುವುದೇ ತಪ್ಪು ಎನ್ನುತ್ತಿಲ್ಲ. ಬೆಂಗಳೂರಿನ ಹೊರವರ್ತುಲ ರಸ್ತೆಯ ಟ್ರಾಫಿಕ್‌ನಲ್ಲಿ ಅವರ ನೌಕರರೂ ನರಳುತ್ತಾರೆ. 1999ರಲ್ಲಿ ಎಸ್.ಎಂ. ಕೃಷ್ಣ ಸರ್ಕಾರ ನಗರದ ಸುಧಾರಣೆಗೆಂದು ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ಎಂಬ ಸಮಿತಿ ಮಾಡಿ ಇನ್ಫೋಸಿಸ್‌ನ ನಂದನ್ ನಿಲೇಕಣಿಯವರನ್ನು ಅಧ್ಯಕ್ಷರನ್ನಾಗಿಸಿತು. ಒಳ್ಳೆಯ ಕೆಲಸಗಳೂ ಆದವು. ಆದರೆ ಆ ಸಮಿತಿಗೆ ಜನ ಓಟು ಹಾಕಿರಲಿಲ್ಲ. ಆಗ ಕಾರ್ಪೊರೇಟರ್‌ಗಳಾದರೂ ಇದ್ದರು. ಬೆಂಗಳೂರು ಮಹಾನಗರ ಪಾಲಿಕೆಯ (ಬಿಬಿಎಂಪಿ) ಚುನಾಯಿತ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಅಧಿಕಾರಿಗಳದ್ದೇ ಕಾರುಬಾರು. ಟೈಲರ್ ಹಾಳೆ ಹಿಡಿದು ಯಾರ ಮನೆ ಬಾಗಿಲಿಗೆ ಹೋಗಬೇಕು? ನಗರಸಭೆಗಳಿಗೆ ಬಲ ಕೊಡಲೆಂದೇ ಸಂವಿಧಾನಕ್ಕೆ 74ನೇ ತಿದ್ದುಪಡಿ ತಂದಿದ್ದು.

ಹೆಬ್ಬಾಳದ ಉಕ್ಕಿನ ಮೇಲ್ಸೇತುವೆಯ ವಿರುದ್ಧ 2016ರಲ್ಲಿ ಜನ ಮಾನವ ಸರಪಳಿ ಮಾಡಿದರು. ಮರುವರ್ಷ ಸರ್ಕಾರ ಯೋಜನೆ ಕೈಬಿಟ್ಟಿತು. ನಿಜ, ಆದರೆ ನಕ್ಷೆಯ ಪ್ರತಿ ಗೆರೆಗೂ ಬೀದಿಗಿಳಿಯಲು ಆಗುತ್ತಾ?

ಹಾಗಾಗಿ ಗೆರೆ ಸರಿದಾಗಲೆಲ್ಲ ಯಾರ ಕೋರಿಕೆ, ಯಾವ ಮೀಟಿಂಗ್, ಯಾವ ತಾರೀಖು ಅಂತ ಬರೆದು ವರದಿಗೆ ಲಗತ್ತಿಸುತ್ತೇನೆ. ಮೇಲಿನವರಿಗೆ ಮೊದಮೊದಲು ಇದು ಹಿಡಿಸಲಿಲ್ಲ. ಆದರೆ ಒಮ್ಮೆ ಸರ್ಕಾರಿ ಕಡತ ಸೇರಿದರೆ ಮಾಹಿತಿ ಹಕ್ಕಿನಡಿ ಯಾರು ಬೇಕಾದರೂ ಕೇಳಬಹುದು. ಬಿಳಿ ಹಾಳೆ ಬಂದರೆ ಸುಮ್ನೆ ಪಟ್ಟಿಗೆ ಸೇರಿಸುವುದಿಲ್ಲ. ಜಾಗಕ್ಕೆ ಹೋಗಿ, ಟೇಪ್ ಹಿಡಿದು, ಅಂಗಡಿಯ ಎಷ್ಟು ಅಡಿ ಹೋಗುತ್ತದೆ ಎಂದು ಅಳೆದು, ಆ ಲೆಕ್ಕವನ್ನು ಅರ್ಜಿಗೇ ಪಿನ್ ಮಾಡುತ್ತೇನೆ. ಅಳತೆ ಕಣ್ಣೆದುರಿಗಿದ್ದಾಗ ಒಂದೇ ಪದದಲ್ಲಿ ಉತ್ತರ ಬರೆಯುವುದು ಕಷ್ಟ. ನಮ್ಮಲ್ಲಿಗೆ ಹೊಸದಾಗಿ ಸೇರುವವರಿಗೆ ಈಗ ನಾನು ಮೊದಲು ಕಲಿಸುವ ಕೆಲಸವೇ ಇದು.