ಕಾಜಾದವನು ಹೋದ ಕಡೆ

ಊರಿನ ಕಡೆಯಿಂದ ಯಾರೇ ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ಗೆ ಬಂದರೂ ಮೊದಲು ಕೇಳುವುದು ಚೊಂಗ್ಯೆಚೊನ್ ತೊರೆಯನ್ನು. ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರಿನತ್ತ ಹೋಗುವ ಕೆ-100 ರಾಜಕಾಲುವೆಯನ್ನು ಚೆಂದ ಮಾಡುವ ಸುದ್ದಿ ಬಂದಾಗಲೆಲ್ಲ ಇದರ ಹೆಸರೂ ಜೊತೆಗೇ ಬರುತ್ತಿತ್ತು. ಹಾಗಾಗಿ ಬೆಂಗಳೂರಿನವರಿಗೆ ಇದು ಕೇಳಿ ಗೊತ್ತಿರುವ ಜಾಗ. ಹೋದ ಏಪ್ರಿಲ್‌ನಲ್ಲಿ ಅಮ್ಮ ಬಂದಾಗ ನಾನೂ ಎರಡನೇ ದಿನವೇ ಅಲ್ಲಿಗೆ ಕರೆದುಕೊಂಡು ಹೋದೆ. ಅಮ್ಮ ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಎತ್ತಿ ಹಿಡಿದು, ಕಲ್ಲಿನ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟಳು. ಸುತ್ತ ಆಫೀಸಿನವರು ಊಟದ ಬಿಡುವಿನಲ್ಲಿ ಅಡ್ಡಾಡುತ್ತಿದ್ದರು. ಸ್ವಲ್ಪ ಹೊತ್ತು ಸುಮ್ಮನಿದ್ದ ಅಮ್ಮ ಕೇಳಿದಳು: "ಮುಂಚೆ ಇಲ್ಲಿ ಯಾರಿದ್ರು ಮಗಾ?"

ಮುಂಚೆ ಇಲ್ಲಿ ಏನಿತ್ತು ಎಂದು ಕೇಳಿದ್ದರೆ ನನ್ನ ಬಳಿ ಉತ್ತರ ತಯಾರಿತ್ತು. 1958ರಿಂದ ಈ ತೊರೆಯನ್ನು ಕಾಂಕ್ರೀಟಿನಿಂದ ಮುಚ್ಚುತ್ತಾ ಬಂದರು, ಅದರ ಮೇಲೆ ಮೇಲ್ಸೇತುವೆ ಎದ್ದಿತು. 2003ರ ಜುಲೈನಲ್ಲಿ ಆಗಿನ ಮೇಯರ್ ಲೀ ಮ್ಯುಂಗ್-ಬಾಕ್ ಅದನ್ನು ಕೆಡವಿಸಲು ಶುರು ಮಾಡಿದರು. 2005ರ ಅಕ್ಟೋಬರ್‌ಗೆ 5.8 ಕಿಲೋಮೀಟರ್ ಉದ್ದದ ತೊರೆ ಮತ್ತೆ ಆಕಾಶ ಕಂಡಿತು. ಈಗ ಹರಿಯುವ ನೀರಿನ ಬಹುಪಾಲು ಹಾನ್ ನದಿಯಿಂದ ಪಂಪ್ ಮಾಡಿ ತಂದದ್ದು. ಇಷ್ಟನ್ನು ಯಾರಿಗಾದರೂ ಹೇಳಬಲ್ಲೆ. ಆದರೆ ಅಮ್ಮ ಕೇಳಿದ್ದು ಯಾರಿದ್ದರು ಅಂತ.

ಮೇಲ್ಸೇತುವೆಯ ಅಡಿಯಲ್ಲೂ ಇಕ್ಕೆಲದಲ್ಲೂ ಕಬ್ಬಿಣದ ಸಾಮಾನು, ಮೋಟರು, ದೀಪ, ಹಳೇ ಪುಸ್ತಕ, ಬಟ್ಟೆ ಮಾರುವವರು, ರಸ್ತೆ ಬದಿ ಗಾಡಿ ಇಟ್ಟುಕೊಂಡವರು ಇದ್ದರು. ನಗರಾಡಳಿತ ಅವರ ಜೊತೆ ಮಾತಾಡಲಿಲ್ಲ ಅನ್ನುವಂತಿಲ್ಲ. ವ್ಯಾಪಾರಿಗಳೊಂದಿಗೆ 4,000ಕ್ಕೂ ಹೆಚ್ಚು ಸಭೆ ಆದವು ಅನ್ನುವುದು ಅದರ ಲೆಕ್ಕ. ಅಷ್ಟಾದ ಮೇಲೂ ಏನಾಯಿತು ನೋಡಿ. ಬೀದಿ ವ್ಯಾಪಾರಿಗಳಲ್ಲಿ ಅನೇಕರಿಗೆ ದೊಂಗ್ದೇಮುನ್ ಕ್ರೀಡಾಂಗಣದ ಮೈದಾನದಲ್ಲಿ ಜಾಗ ಕೊಟ್ಟರು. ಕೆಲವೇ ವರ್ಷಕ್ಕೆ ಆ ಕ್ರೀಡಾಂಗಣವನ್ನೇ ಕೆಡವಲು ತೀರ್ಮಾನವಾಯಿತು, 2008ರಲ್ಲಿ ಅವರು ಮತ್ತೆ ಗಂಟುಮೂಟೆ ಕಟ್ಟಿ ಸಿನ್ಸೊಲ್‌ದೊಂಗ್‌ನ ಮಾರುಕಟ್ಟೆಗೆ ಹೋದರು. ಕ್ರೀಡಾಂಗಣವಿದ್ದಲ್ಲಿ ಜಹಾ ಹದೀದ್ ವಿನ್ಯಾಸದ ಬೆಳ್ಳಿ ಬಣ್ಣದ ಭವ್ಯ ಕಟ್ಟಡ 2014ರಲ್ಲಿ ಬಾಗಿಲು ತೆರೆಯಿತು. ಅಂಗಡಿಯವರಿಗೆಂದು ನಗರದ ಆಗ್ನೇಯ ತುದಿಯಲ್ಲಿ ದೊಡ್ಡ ಸಂಕೀರ್ಣವನ್ನೇ ಕಟ್ಟಿದರು. ಅಲ್ಲಿಗೆ ಹೋದವರು ಕಡಿಮೆ, ಹೋಗಿ ನೆಲೆ ನಿಂತವರು ಇನ್ನೂ ಕಡಿಮೆ. ತೊರೆ ನನಗೆ ಇಷ್ಟ. ಬೇಸಿಗೆಯಲ್ಲಿ ಅಲ್ಲಿಗೆ ಇಳಿದರೆ ಮೈಗೆ ತಂಪು ತಾಕುತ್ತದೆ, ಮಕ್ಕಳು ಮೀನು ನೋಡುತ್ತಾ ನಿಲ್ಲುತ್ತಾರೆ. ಅದನ್ನು ಮತ್ತೆ ಮುಚ್ಚಿ ಎಂದು ಯಾರೂ ಹೇಳುವುದಿಲ್ಲ. ಅಮ್ಮನ ಪ್ರಶ್ನೆಗೆ ಮಾತ್ರ ನಾನು ಇಷ್ಟನ್ನೂ ಹೇಳಬೇಕಾಯಿತು.

ನಾನಿರುವುದು ಅಲ್ಲಿಂದ ನಡೆದು ಹೋಗುವಷ್ಟು ದೂರದ ಚಾಂಗ್ಶಿನ್‌ದೊಂಗ್‌ನಲ್ಲಿ, ಕಡಿದಾದ ಗುಡ್ಡದ ಮೇಲೆ. ಜಪಾನಿಯರ ಆಳ್ವಿಕೆಯಲ್ಲಿ ಸೋಲ್ ರೈಲು ನಿಲ್ದಾಣದಂಥ ಕಟ್ಟಡಗಳಿಗೆ ಇಲ್ಲಿಂದಲೇ ಕಲ್ಲು ಕಡಿದು ಒಯ್ದರು. ಆ ಕ್ವಾರಿಯ ಬಂಡೆಗೋಡೆಯ ನೆತ್ತಿಯಲ್ಲೂ ಬುಡದಲ್ಲೂ ಈಗ ಮನೆಗಳು. ಓಣಿಗಳು ಎಷ್ಟು ಕಿರಿದೆಂದರೆ ಎದುರಿನಿಂದ ಬೈಕ್ ಬಂದರೆ ಗೋಡೆಗೆ ಒರಗಿ ನಿಲ್ಲಬೇಕು. ಬೈಕ್‌ಗಳಿಗಂತೂ ಬಿಡುವೇ ಇಲ್ಲ, ಹಿಂದೆ ಬಟ್ಟೆಯ ಥಾನು ಹೇರಿಕೊಂಡು ಏರುತ್ತಲೇ ಇರುತ್ತವೆ. ಮೊದಲ ಸಲ ಆ ಏರು ಹತ್ತಿದ ಅಮ್ಮ ಅರ್ಧದಲ್ಲೇ ನಿಂತಳು. ದಣಿವಾಯಿತೇನೋ ಅಂದುಕೊಂಡೆ. ಅವಳು ಕಿವಿಗೊಟ್ಟಿದ್ದಳು. "ಇದು ಓವರ್‌ಲಾಕ್ ಮಿಷನ್ ಸದ್ದು ಕಣೋ."

ಮೈಸೂರು ರಸ್ತೆಯ ಗಾರ್ಮೆಂಟ್ಸ್ ಒಂದರಲ್ಲಿ ಹದಿನೆಂಟು ವರ್ಷ ಟೈಲರ್ ಆಗಿದ್ದವಳು ನನ್ನಮ್ಮ. ಬಾಗಿಲು ತೆರೆದಿದ್ದ ಮನೆಯ ಮುಂದೆ ಹೋಗಿ ನಿಂತೇಬಿಟ್ಟಳು. ಒಳಗೆ ಗಂಡ ಹೆಂಡತಿ ಇಬ್ಬರೇ, ನಾಲ್ಕು ಮಿಷನ್, ಇಸ್ತ್ರಿಯ ಹಬೆ. ಆ ಹೆಂಗಸನ್ನು ನಾನು 'ಇಮೊ' ಎಂದು ಕರೆಯುವುದು, ಅಂದರೆ ಚಿಕ್ಕಮ್ಮ. ಇಲ್ಲಿ ಹೋಟೆಲಿನ ಹೆಂಗಸರನ್ನೂ ಹೀಗೇ ಕರೆಯುತ್ತಾರೆ. ಇಮೊ ಕೈಯಲ್ಲಿದ್ದ ಅಂಗಿಯ ಹೊಲಿಗೆಯನ್ನು ಅಮ್ಮ ಮಗುಚಿ ನೋಡಿ ತಲೆದೂಗಿ "ಓವರ್‌ಲಾಕ್" ಅಂದಳು. "ಒಬಾರೊಕು!" ಅಂದಳು ಇಮೊ. ಹೊಲಿಗೆ ಯಂತ್ರಕ್ಕೆ ಇವರು ಹೇಳುವುದು 'ಮಿಶಿಂಗ್'. ನಮ್ಮ ಮಿಷನ್ ಹುಟ್ಟಿದ ಇಂಗ್ಲಿಷ್ ಪದದಿಂದಲೇ ಹುಟ್ಟಿ ಜಪಾನಿನ ದಾರಿಯಲ್ಲಿ ಬಂದ ಮಾತು. ಭಾಷೆ ಬಾರದ ಇಬ್ಬರೂ ಅರ್ಧ ಗಂಟೆ ಮಾತಾಡಿದರು.

ಈ ಗುಡ್ಡದಲ್ಲಿ ಇಂಥ ಹೊಲಿಗೆ ಕೋಣೆಗಳು ನೂರಾರು. ಮೊದಲು ಇವು ಕೆಳಗೆ, ತೊರೆಯ ಪಕ್ಕದ ಪ್ಯೊಂಗ್ಹ್ವಾ ಮಾರುಕಟ್ಟೆಯ ಮಹಡಿಗಳಲ್ಲಿದ್ದವು, ನೆಟ್ಟಗೆ ನಿಲ್ಲಲೂ ಆಗದ ಅಟ್ಟಗಳಲ್ಲಿ. 1970ರ ನವೆಂಬರ್ 13ರಂದು ಆ ಮಾರುಕಟ್ಟೆಯ ಎದುರು, ಕಾರ್ಮಿಕ ಕಾನೂನು ಪಾಲಿಸಿ, ನಾವು ಯಂತ್ರಗಳಲ್ಲ ಎಂದು ಕೂಗುತ್ತಾ 22 ವರ್ಷದ ಬಟ್ಟೆ ಕಾರ್ಮಿಕ ಚೊನ್ ತೇ-ಇಲ್ ಮೈಗೆ ಬೆಂಕಿ ಹಚ್ಚಿಕೊಂಡ. ತೊರೆಯ ಸೇತುವೆಯೊಂದರ ಮೇಲೆ ಅವನ ಕಂಚಿನ ಪ್ರತಿಮೆ ಇದೆ. ನಮ್ಮವರು ಫೋಟೋ ತೆಗೆಸಿಕೊಳ್ಳುವ ಜಾಗದಿಂದ ಪೂರ್ವಕ್ಕೆ ನಡೆದರೆ ಸಿಗುತ್ತದೆ, ದಯವಿಟ್ಟು ನೋಡಿ ಬನ್ನಿ.

ಗುಡ್ಡದ ಬದುಕು ನಡೆಯುವುದು ಸರಪಳಿಯಂತೆ. ದೊಂಗ್ದೇಮುನ್ನಿನ ಸಗಟು ಅಂಗಡಿಗಳು ರಾತ್ರಿಯಿಡೀ ತೆರೆದಿರುತ್ತವೆ. ಅಲ್ಲಿಂದ ಬಂದ ಆರ್ಡರಿಗೆ ಒಂದು ಮನೆಯಲ್ಲಿ ಪ್ಯಾಟರ್ನ್, ಇನ್ನೊಂದರಲ್ಲಿ ಕಟಿಂಗ್, ಮತ್ತೊಂದರಲ್ಲಿ ಹೊಲಿಗೆ, ಓಣಿಯ ತಿರುವಿನಲ್ಲಿ ಕಾಜಾ ಮತ್ತು ಗುಂಡಿ, ಕೊನೆಗೆ ಇಸ್ತ್ರಿ. ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಬೈಕಿನಲ್ಲಿ ಐದು ನಿಮಿಷ. ಯಾವ ಒಂದು ಕೋಣೆಯೂ ಕಾರ್ಖಾನೆಯಲ್ಲ, ಇಡೀ ಗುಡ್ಡವೇ ಒಂದು ಕಾರ್ಖಾನೆ. ಮೇಲಿನಿಂದ ತೆಗೆದ ನಕ್ಷೆಯಲ್ಲಿ ಮಾತ್ರ ಇದು ಹಳೇ ಮನೆಗಳ ಗೋಜಲಾಗಿ ಕಾಣುತ್ತದೆ.

2007ರಲ್ಲಿ ಕಂಡದ್ದೂ ಹಾಗೇ. ಎಲ್ಲ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವ 'ನ್ಯೂ ಟೌನ್' ಪಟ್ಟಿಗೆ ಚಾಂಗ್ಶಿನ್ ಮತ್ತು ಪಕ್ಕದ ಸುಂಗಿನ್ ಸೇರಿದವು. ವಿರೋಧ ಬೆಳೆದು 2013ರಲ್ಲಿ ಅದು ರದ್ದಾಯಿತು. ಮರುವರ್ಷ ಕೆಡವದೆ ಸರಿಪಡಿಸುವ ನಗರ ಪುನರುಜ್ಜೀವನ ಯೋಜನೆಗೆ ಈ ಜಾಗ ಆಯ್ಕೆಯಾಯಿತು, ದೇಶದ ಮೊದಲ ತಂಡದಲ್ಲೇ. ಹೊಲಿಗೆಯ ಇತಿಹಾಸಕ್ಕೊಂದು ಮ್ಯೂಸಿಯಂ ಬಂತು. ಬಾಲ್ಯವನ್ನು ಇಲ್ಲಿ ಕಳೆದ ಕಲಾವಿದ ಪೇಕ್ ನಾಮ್-ಜುನ್ ನೆನಪಿಗೆ ಮನೆಯೊಂದು, ಗುಡ್ಡದ ತುದಿಯಲ್ಲಿ ಮಕ್ಕಳಿಗೆ ಆಟದ ಜಾಗ ಆದವು. ನಿವಾಸಿಗಳೇ ಸೇರಿ 2017ರಲ್ಲಿ ಸಹಕಾರಿ ಸಂಘ ಕಟ್ಟಿದರು. ಓದಿದಾಗ ನನಗೆ ರೋಮಾಂಚನವಾಗಿತ್ತು. ಊರೆಂದರೆ ಹೀಗೆ ಉಳಿಯಬೇಕು ಅನಿಸಿತ್ತು.

ಇಲ್ಲಿ ಬಾಡಿಗೆಗೆ ಬಂದ ಮೇಲೆ ಮನೆ ಒಡತಿ ಅಜ್ಜಿಯ ಮಾತೂ ಕಿವಿಗೆ ಬಿತ್ತು. ಮಳೆಗಾಲದಲ್ಲಿ ಅವರ ಸೂರು ಸೋರುತ್ತದೆ. ಓಣಿಗೆ ಅಗ್ನಿಶಾಮಕ ವಾಹನ ಬರಲಾರದು. ಚಳಿಗಾಲದಲ್ಲಿ ಮೆಟ್ಟಿಲ ಮೇಲೆ ಹಿಮ ಗಟ್ಟಿಯಾದರೆ ಎಂಬತ್ತು ದಾಟಿದ ಅವರು ಮನೆಯೊಳಗೇ ಬಂದಿ. ಮ್ಯೂಸಿಯಂ ಬಂತು, ನನ್ನ ಪೈಪು ಬದಲಾಗಲಿಲ್ಲ ಅನ್ನುತ್ತಾರೆ. ಅವರ ಮಾತು ನೂರಕ್ಕೆ ನೂರು ನಿಜ. ಜನರಿಗಾಗಿ ಅಂದ ಮೇಲೆ ಮೊದಲು ಮುಟ್ಟಬೇಕಾದದ್ದು ಒಳಚರಂಡಿ, ಸೂರು, ಗಾಡಿ ಬರುವ ದಾರಿ. ಅದು ಸಾಲದೇ ಹೋದದ್ದರಿಂದಲೇ ಕೆಡವಿ ಕಟ್ಟಿ ಎಂಬ ಕೂಗು ಮತ್ತೆ ಎದ್ದಿತು, 2021ರ ಡಿಸೆಂಬರಿನಲ್ಲಿ ಇಲ್ಲಿನ ಒಂದು ಭಾಗ ಮರುನಿರ್ಮಾಣದ ಪಟ್ಟಿಗೆ ಸೇರಿತು. ಅಜ್ಜಿಗೆ ಬೇಕಿರುವುದು ಲಿಫ್ಟ್ ಇರುವ, ಬೆಚ್ಚಗಿನ ಮನೆ. ಅದನ್ನು ಬೇಡ ಅನ್ನಲು ನಾನು ಯಾರು?

ನನಗೆ ನೋವಾಗುವುದು ಇನ್ನೊಂದು ಕಡೆ. ಇಂಥ ಯೋಜನೆಗಳಲ್ಲಿ ಒಪ್ಪಿಗೆ ಕೇಳುವುದು ಜಾಗದ, ಕಟ್ಟಡದ ಮಾಲೀಕರನ್ನು. ಬಾಡಿಗೆಯವರಿಗೆ ಒಂದಿಷ್ಟು ಪರಿಹಾರ ಸಿಗಬಹುದು, ಮತ ಸಿಗುವುದಿಲ್ಲ. ಇಮೊ ಮೂವತ್ತು ವರ್ಷದಿಂದ ಈ ಓಣಿಯಲ್ಲಿ ಹೊಲಿಯುತ್ತಿದ್ದಾಳೆ, ಬಾಡಿಗೆ ಕೋಣೆಯಲ್ಲಿ. 2009ರ ಜನವರಿ 20ರಂದು ಇದೇ ನಗರದ ಯೊಂಗ್ಸಾನಿನಲ್ಲಿ ತೆರವಿನ ವಿರುದ್ಧ ಕಟ್ಟಡದ ತಾರಸಿ ಏರಿದವರಲ್ಲಿ ಐವರು, ಜೊತೆಗೆ ಒಬ್ಬ ಪೊಲೀಸ್, ಬೆಂಕಿಯಲ್ಲಿ ಸತ್ತರು. ಅಲ್ಲೂ ಜಗಳ ಇದ್ದದ್ದು ಬಾಡಿಗೆ ಅಂಗಡಿಗಳವರ ಪಾಲಿನದೇ. ನಮ್ಮಲ್ಲಿ ಪೇಟೆಯ ಗಲ್ಲಿಗಳನ್ನು, ರಾಜಕಾಲುವೆಯ ದಡಗಳನ್ನು ಚೆಂದ ಮಾಡಲು ಹೊರಟವರು ಚೊಂಗ್ಯೆಚೊನ್ ನೋಡಲು ಬಂದರೆ, ಒಂದು ಮಧ್ಯಾಹ್ನ ಈ ಗುಡ್ಡಕ್ಕೂ ಬರಲಿ. ಮನೆಗಳನ್ನು ಎಣಿಸುವಾಗ ಒಳಗಿನ ಮಿಷನ್‌ಗಳನ್ನೂ ಎಣಿಸಲಿ.

ಅಮ್ಮ ಹೊರಡುವ ಹಿಂದಿನ ಸಂಜೆ ಇಮೊಗೆ ಒಂದು ರವಿಕೆ ಕಣ ಕೊಟ್ಟು, ನನ್ನ ಕೈಲಿ ಕೇಳಿಸಿದಳು: ಈ ಮನೆ ಬೀಳಿಸಿದರೆ ಎಲ್ಲಿಗೆ ಹೋಗುತ್ತೀರಿ? ಇಮೊ ಪೆಡಲ್ ಮೇಲಿನ ಕಾಲು ತೆಗೆಯದೆ, ಓಣಿಯ ತಿರುವಿನ ಕಡೆ ಗಲ್ಲ ಎತ್ತಿ ತೋರಿಸಿದಳು. "ಕಾಜಾ ಹಾಕುವವನು ಎಲ್ಲಿಗೆ ಹೋಗುತ್ತಾನೋ ಅಲ್ಲಿಗೇ. ಅವನನ್ನು ಕೇಳಿದೆ. ನೀನು ಹೋದ ಕಡೆ ಬರ್ತೀನಿ ಅಂದ."